ಮಾಸ್ತರರ ಮೂರನೆಯ ಪ್ರಶ್ನೆ

"ಗುರುಗಳೇ, ಸದನದಲ್ಲಿ ಎದ್ದು ನಿಂತು ಸರಿಯಾದ ಪ್ರಶ್ನೆ ಕೇಳಿದರೆ ಸರ್ಕಾರ ನಿಜ ಹೇಳಲೇಬೇಕಾಗುತ್ತದೆ. ಅಲ್ಲವೇ?"

ಕೇಳಿದವನು ಮಹಾಲಿಂಗ. ಗುರುಗಳ ಬಳಿ ಏಳು ವರ್ಷ ಕಲಿತವನು. ಅವನನ್ನು ಚುನಾವಣೆಗೆ ನಿಲ್ಲಿಸಬೇಕೆಂದು ಊರಿನವರು ಮನೆಗೆ ಬಂದು ಹೋಗಿದ್ದರು. ಒಪ್ಪಿಕೊಳ್ಳುವ ಮೊದಲು ಗುರುಗಳನ್ನು ಕಂಡು ಹೋಗೋಣವೆಂದು ಬಂದಿದ್ದ.

"ಹೇಳಲೇಬೇಕಾಗುತ್ತದೆ. ಕೂತುಕೋ" ಎಂದರು ಗುರುಗಳು.

ಅವನು ಕೂತ. ಗುರುಗಳು ಹೇಳತೊಡಗಿದರು.

ಒಂದು ನಾಡಿನಲ್ಲಿ ಹೊನ್ನವ್ವ ಎಂಬ ಹೆಂಗಸು ಇದ್ದಳು. ಗಂಡ ಹೆಂಡತಿ ಇಬ್ಬರೂ ಹುಲ್ಲು ಕೊಯ್ದು ದನಕರು ಇದ್ದವರ ಮನೆಗೆ ಹಾಕಿ ಬದುಕುತ್ತಿದ್ದರು. ಒಂದು ದಿನ ಹುಲ್ಲಿನಲ್ಲಿ ಗಂಡನ ಕೈಗೆ ಹಾವು ಕಚ್ಚಿತು. ಹೊನ್ನವ್ವ ಅವನನ್ನು ಒಂದು ಟೆಂಪೊದಲ್ಲಿ ಕೂರಿಸಿಕೊಂಡು ನಾಲ್ಕು ಮೈಲಿ ದೂರದ ಆರೋಗ್ಯ ಕೇಂದ್ರಕ್ಕೆ ಓಡಿದಳು. ಅಲ್ಲಿದ್ದ ನರ್ಸು, "ವಿಷಕ್ಕೆ ಹಾಕುವ ಇಂಜೆಕ್ಷನ್ ನಮ್ಮಲ್ಲಿ ಇಲ್ಲ, ಜಿಲ್ಲಾ ಆಸ್ಪತ್ರೆಗೆ ಹೋಗಿ" ಎಂದಳು. ಜಿಲ್ಲಾ ಆಸ್ಪತ್ರೆ ಎರಡು ತಾಸಿನ ದಾರಿ. ಗಂಡ ಒಂದು ತಾಸು ಬದುಕಿದ್ದ.

ಆ ಕ್ಷೇತ್ರದ ಶಾಸಕನ ಹೆಸರು ಚನ್ನವೀರ ಮಾಸ್ತರ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಆಮೇಲೆ ಜನರೇ ಒತ್ತಾಯ ಮಾಡಿ ಗೆಲ್ಲಿಸಿದ್ದ ಮನುಷ್ಯ. ಪ್ರಾಮಾಣಿಕ. ಜಿಲ್ಲೆಗೆಲ್ಲ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದವನು ಅವನೇ. ಚೆನ್ನಾಗಿ ಕೇಳಿದ ಪ್ರಶ್ನೆಯಿಂದ ಯಾವ ವಿದ್ಯಾರ್ಥಿಯೂ ತಪ್ಪಿಸಿಕೊಳ್ಳಲಾರ ಎಂಬುದು ಅವನ ನಂಬಿಕೆ.

ಹದಿಮೂರನೆಯ ದಿನ ಕಳೆದ ಮೇಲೆ ಹೊನ್ನವ್ವ ಅವನ ಮನೆಗೆ ಬಂದಳು. ಪರಿಹಾರ ಕೇಳಲು ಬಂದಿರಬೇಕೆಂದು ಮಾಸ್ತರ ಅರ್ಜಿಯ ಕಾಗದ ತೆಗೆದ. ಅವಳು ಬೇಡವೆಂದು ಕೈಯಾಡಿಸಿದಳು.

"ಮಾಸ್ತರ, ಹ್ವಾದಾಂವ ತಿರುಗಿ ಬರೂದಿಲ್ಲ. ಆ ದವಾಖಾನ್ಯಾಗ ಔಷಧ ಯಾಕ ಇರಲಿಲ್ಲ? ಅಷ್ಟ ಕೇಳ್ರಿ."

"ಕೇಳ್ತೀನಿ ತಂಗಿ" ಎಂದ ಮಾಸ್ತರ. ಕೊಟ್ಟ ಮಾತು ಉಳಿಸಿಕೊಂಡ.

ಅಧಿವೇಶನ ಶುರುವಾಯಿತು. ಮಾಸ್ತರ ಪ್ರಶ್ನೆ ಕಳಿಸಿದ. ಹತ್ತು ದಿನಕ್ಕೆ ಅದರ ಸರದಿ ಬಂತು. ಅವನು ಎದ್ದು ನಿಂತು, "ನಮ್ಮ ಆರೋಗ್ಯ ಕೇಂದ್ರದಲ್ಲಿ ಹಾವು ಕಡಿತಕ್ಕೆ ಇಂಜೆಕ್ಷನ್ ಇದೆಯೇ?" ಎಂದು ಕೇಳಿದ.

"ಇದೆ" ಎಂದರು ಆರೋಗ್ಯ ಮಂತ್ರಿಗಳು.

ಮಾಸ್ತರ ಊರಿಗೆ ಬಂದು ನೇರವಾಗಿ ಕೇಂದ್ರಕ್ಕೆ ಹೋದ. ಮಂತ್ರಿಗಳ ಮಾತು ನಿಜವಾಗಿತ್ತು. ಪ್ರಶ್ನೆ ಇಲಾಖೆಗೆ ತಲುಪಿದ ಮರುದಿನವೇ ಒಂದು ಜೀಪು ಬಂದು ಹತ್ತು ಬಾಟಲಿ ಇಳಿಸಿ ಹೋಗಿತ್ತು. ನರ್ಸು ಕಿಟಕಿಯಿಂದ ಬೆರಳು ಮಾಡಿ ತೋರಿಸಿದಳು. ಡಾಕ್ಟರ ಕೋಣೆಯಲ್ಲಿ ಫ್ರಿಜ್ಜು, ಫ್ರಿಜ್ಜಿನಲ್ಲಿ ಔಷಧ. ಕೋಣೆಗೆ ಬೀಗ.

"ಕೀಲಿ ಡಾಕ್ಟರ ಹತ್ರ ಐತ್ರಿ. ಗುರುವಾರ ಅಷ್ಟ ಬರ್ತಾರ್ರಿ ಅವರು."

ಮಾಸ್ತರ ಬರುವ ಮುಂಚಿನ ಬುಧವಾರ, ಜೀಪು ಬಂದು ಹೋದ ಮೇಲೆ, ಕುಂಬಾರರ ಮುದುಕಪ್ಪನನ್ನು ಅಲ್ಲಿಗೆ ಹೊತ್ತು ತಂದಿದ್ದರು. ಮಣ್ಣು ಅಗೆಯುವಾಗ ಕಚ್ಚಿತ್ತು. ಆ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಅವನನ್ನು ಮಲಗಿಸಿದ್ದರು. ಅಲ್ಲಿಂದ ಫ್ರಿಜ್ಜು ಕಾಣುತ್ತದೆ. ಬಾಗಿಲು ಒಡೆಯಲು ನರ್ಸು ಹೆದರಿದಳು. ಒಡೆದ ಮೇಲೆ ಇಂಜೆಕ್ಷನ್ ಕೊಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲೂ ಇಲ್ಲ. ಮುದುಕಪ್ಪ ಅಲ್ಲೇ ತೀರಿಕೊಂಡ.

ತಪ್ಪು ತನ್ನದೇ ಎಂದುಕೊಂಡ ಮಾಸ್ತರ. ಔಷಧದ ಬಗ್ಗೆ ಕೇಳಿದ್ದೆ, ಡಾಕ್ಟರ ಬಗ್ಗೆ ಕೇಳಲಿಲ್ಲ. ಮುಂದಿನ ಅಧಿವೇಶನದಲ್ಲಿ ಅದನ್ನು ಕೇಳಿದ.

"ಆ ಕೇಂದ್ರದಲ್ಲಿ ವೈದ್ಯರು ಇದ್ದಾರೆಯೇ?"

"ಇದ್ದಾರೆ" ಎಂದರು ಮಂತ್ರಿಗಳು.

ಅದೂ ನಿಜ. ಹುದ್ದೆ ಇತ್ತು, ಹುದ್ದೆಯಲ್ಲಿ ಮನುಷ್ಯನೂ ಇದ್ದ. ಆದರೆ ಆ ಒಬ್ಬ ಮನುಷ್ಯನನ್ನು ಮೂರು ಕೇಂದ್ರಗಳಿಗೂ ಜಿಲ್ಲಾ ಕಚೇರಿಯ ಮೀಟಿಂಗುಗಳಿಗೂ ಹಂಚಿದ್ದರು. ಈ ಸಲ ಮಾಸ್ತರನಿಗೆ ಅದು ಗೊತ್ತಿತ್ತು. ಕೂಡಲೇ, "ವಾರದಲ್ಲಿ ಎಷ್ಟು ದಿನ ಇರುತ್ತಾರೆ?" ಎಂದು ಎರಡನೆಯ ಮಾತು ಸೇರಿಸಿದ. ಸಭಾಧ್ಯಕ್ಷರು ನಿಯಮದ ಪುಸ್ತಕ ನೋಡಿದರು. "ಇದು ಮೂಲ ಪ್ರಶ್ನೆಯಿಂದ ಹುಟ್ಟುವುದಿಲ್ಲ. ಬೇರೆ ಪ್ರಶ್ನೆ ಕೊಡಿ" ಎಂದು ಕೂರಿಸಿದರು. ಯಾರೂ ಅವನನ್ನು ಅವಮಾನ ಮಾಡಲಿಲ್ಲ. ಸಭೆ ಮುಗಿದ ಮೇಲೆ ಮಂತ್ರಿಗಳು ತಾವಾಗಿಯೇ ಅವನ ಬಳಿ ಬಂದು, ಹೆಗಲ ಮೇಲೆ ಕೈಯಿಟ್ಟು, ಆರೋಗ್ಯ ಹೇಗಿದೆ ಎಂದು ವಿಚಾರಿಸಿ ಹೋದರು.

ಆಗ ಮಾಸ್ತರ, ಎಲ್ಲಿಯೂ ಸಂದು ಇಲ್ಲದಂಥ ಒಂದು ಪ್ರಶ್ನೆ ಬರೆಯಬೇಕೆಂದು ನಿಶ್ಚಯಿಸಿದ.

ಅದಕ್ಕೆ ಅವನು ಊರೂರು ತಿರುಗಿದ. ಹೊನ್ನವ್ವ ಜೊತೆಗೆ ನಡೆದಳು. ಹುಲ್ಲು ಕೊಯ್ಯಲು ಸುತ್ತಲಿನ ಹೊಲಗಳನ್ನೆಲ್ಲ ಸುತ್ತಿದವಳಾದ್ದರಿಂದ ಯಾರ ಮನೆಯಲ್ಲಿ ಯಾರು ಹಾವು ಕಚ್ಚಿ ಸತ್ತರೆಂದು ಅವಳಿಗೆ ಗೊತ್ತಿತ್ತು. ಅವಳು ಹೊಸಿಲ ಹತ್ತಿರ ನಿಂತು ಕರೆಯುವಳು, ಅವನು ಒಳಗೆ ಹೋಗಿ ಕೇಳಿ ಬರೆದುಕೊಳ್ಳುವನು. ಒಂದು ಮನೆಯಲ್ಲಿ ಹೆಸರು ಹೇಳಿದರು, ಅಳಲಿಲ್ಲ. ಇನ್ನೊಂದು ಮನೆಯಲ್ಲಿ ಮುದುಕಿ, "ಬರಕೊಂಡು ಏನು ಮಾಡ್ತೀರಿ?" ಎಂದು ಕೇಳಿದಳು. "ಸರ್ಕಾರಾನ ಕೇಳ್ತಾರವ್ವ" ಎಂದಳು ಹೊನ್ನವ್ವ. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಎರಡು ತಿಂಗಳು ಹೀಗೆ ತಿರುಗಿದರು. ಎರಡು ವರ್ಷದಲ್ಲಿ ಸತ್ತವರ ಹನ್ನೊಂದು ಹೆಸರು ಸಿಕ್ಕವು.

ಮಾಸ್ತರ ಪ್ರಶ್ನೆ ಬರೆದ. ಈ ಎರಡು ವರ್ಷದಲ್ಲಿ ಹಾವು ಕಚ್ಚಿ ಆ ಕೇಂದ್ರಕ್ಕೆ ಬಂದವರು ಎಷ್ಟು? ಇಂಜೆಕ್ಷನ್ ಕೊಟ್ಟದ್ದು ಎಷ್ಟು ಜನರಿಗೆ? ಉಳಿದವರು ಬಂದ ಆ ಹೊತ್ತಿನಲ್ಲಿ ಔಷಧ ಇತ್ತೇ, ಕೋಣೆಯ ಬಾಗಿಲು ತೆರೆದಿತ್ತೇ, ಕೊಡಲು ಬಲ್ಲವರು ಇದ್ದರೇ? ಅವರಲ್ಲಿ ಸತ್ತವರು ಎಷ್ಟು? ಬರೆದು, ತನ್ನ ಹಳೆಯ ಸಹೋದ್ಯೋಗಿಗಳಿಗೆ ತೋರಿಸಿ, ಎರಡು ಮಾತು ತಿದ್ದಿ ಕಳಿಸಿದ. ಇದಕ್ಕೆ ಉತ್ತರ ಬರೆದರೆ ಮಂತ್ರಿಗಳ ಕುರ್ಚಿ ಉಳಿಯುವುದಿಲ್ಲ ಎಂದು ಇಲಾಖೆಯ ಗುಮಾಸ್ತನೊಬ್ಬ ಅಂದನೆಂಬ ಸುದ್ದಿ ಅವನ ಕಿವಿಗೂ ಬಿತ್ತು. ಮಾಸ್ತರ ಹೊನ್ನವ್ವನನ್ನು ರಾಜಧಾನಿಗೆ ಕರೆಸಿಕೊಂಡ. ಕೇಳಿದವಳು ಅವಳು, ಉತ್ತರವನ್ನೂ ಅವಳೇ ಕೇಳಲಿ ಎಂದು.

ಆ ದಿನ ಬೆಳಿಗ್ಗೆ ಅವಳನ್ನು ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಮಾತಾಡಬಾರದು, ಏಳಬಾರದು ಎಂದು ಕಾವಲಿನವನು ಹೇಳಿದ. ಅವಳು ಸೆರಗು ಹೊದ್ದು, ಕೆಳಗೆ ಮಾಸ್ತರ ಎಲ್ಲಿದ್ದಾನೆಂದು ಹುಡುಕಿ ಗುರುತು ಹಿಡಿದು ಕೂತಳು.

ಸಭೆ ಸೇರಿ ಕಾಲು ಗಂಟೆಯೂ ಆಗಿರಲಿಲ್ಲ. ಹಿಂದಿನ ದಿನ ಒಬ್ಬ ಸದಸ್ಯ ಇನ್ನೊಬ್ಬನ ಮನೆತನದ ಬಗ್ಗೆ ಏನೋ ಅಂದಿದ್ದನಂತೆ. ಅವನು ಕ್ಷಮೆ ಕೇಳಬೇಕೆಂದು ಒಂದು ಕಡೆಯವರು ಎದ್ದರು. ಕೇಳುವುದಿಲ್ಲವೆಂದು ಇನ್ನೊಂದು ಕಡೆಯವರು ಎದ್ದರು. ಕಾಗದ ಹರಿದು ತೂರಿದರು. ಮಾಸ್ತರ ತನ್ನ ಹಾಳೆ ಹಿಡಿದು ನಿಂತೇ ಇದ್ದ. ಅವನ ಕಡೆಯವರೇ ಅವನನ್ನು ತಳ್ಳಿಕೊಂಡು ಮುಂದಕ್ಕೆ ಹೋದರು. ಸಭಾಧ್ಯಕ್ಷರು ಗಂಟೆ ಬಾರಿಸಿ, "ಉಳಿದ ಪ್ರಶ್ನೆಗಳ ಉತ್ತರಗಳನ್ನು ಸದನದ ಮುಂದೆ ಇಡಲಾಗಿದೆ ಎಂದು ಭಾವಿಸತಕ್ಕದ್ದು" ಎಂದು ಓದಿ ಎದ್ದು ಹೋದರು. ಆ ಒಂದು ಮಾತಿನಲ್ಲಿ ಹತ್ತೊಂಬತ್ತು ಪ್ರಶ್ನೆ ಮುಗಿದವು.

ಅಚ್ಚಾದ ಉತ್ತರಗಳ ಕಟ್ಟು ಹೊರಗಿನ ಮೇಜಿನ ಮೇಲಿತ್ತು. ಮಾಸ್ತರ ತನ್ನದನ್ನು ತೆಗೆದುಕೊಂಡು ಮೆಟ್ಟಿಲ ಮೇಲೆ ಹೊನ್ನವ್ವನ ಪಕ್ಕದಲ್ಲಿ ಕೂತ. ಮತ್ತೆ ನುಣುಚಿಕೊಂಡಿರುತ್ತಾರೆ ಎಂದುಕೊಂಡೇ ಓದತೊಡಗಿದ. ಹಾಗಿರಲಿಲ್ಲ. ಬಂದವರು ಹದಿನೇಳು. ಇಂಜೆಕ್ಷನ್ ಕೊಟ್ಟದ್ದು ಇಬ್ಬರಿಗೆ. ಉಳಿದವರ ಪಾಲಿಗೆ ಔಷಧ ಇದ್ದಾಗ ವೈದ್ಯರು ಇರಲಿಲ್ಲ, ವೈದ್ಯರು ಇದ್ದಾಗ ಔಷಧ ಇರಲಿಲ್ಲ. ಮೃತಪಟ್ಟವರು ಹನ್ನೊಂದು. ಕೆಳಗೆ ಹನ್ನೊಂದು ಹೆಸರು, ಅದರ ಕೆಳಗೆ ಮಂತ್ರಿಗಳ ರುಜು. ಹೊನ್ನವ್ವನ ಗಂಡನ ಹೆಸರು ಮೊದಲನೆಯದು. ಮಾಸ್ತರ ಅದನ್ನು ಬೆರಳಿಟ್ಟು ತೋರಿಸಿದ. ಅವಳಿಗೆ ಓದು ಬಾರದು. ಆದರೂ ಬಹಳ ಹೊತ್ತು ನೋಡಿದಳು.

"ಎಲ್ಲಾ ಒಪ್ಪಿಕೊಂಡಾರಲ್ರೀ ಮಾಸ್ತರ."

"ಒಪ್ಪಿಕೊಂಡಾರ."

"ಹಂಗಾದ್ರ ಇನ್ನ ಏನು ಮಾಡ್ತಾರ?"

ಮಾಸ್ತರ ಆ ಹಾಳೆ ಹಿಡಿದು ಓಡಾಡಿದ. ಪತ್ರಿಕೆಯವರ ಬಳಿ ಹೋದ. ಅವರ ಪುಟವೆಲ್ಲ ಬೆಳಗಿನ ಜಗಳದಿಂದ ತುಂಬಿತ್ತು. ಮಂತ್ರಿಗಳ ಬಳಿ ಹೋದ. ಅವರು ಕೂರಿಸಿ, ಚಹಾ ತರಿಸಿ, "ನಾನು ಏನಾದರೂ ಮುಚ್ಚಿಟ್ಟಿದ್ದೇನೆಯೇ, ಹೇಳಿ" ಎಂದರು. ಅವರು ಏನೂ ಮುಚ್ಚಿಟ್ಟಿರಲಿಲ್ಲ. ಮರುವರ್ಷ ಅದೇ ಪ್ರಶ್ನೆ ಮತ್ತೆ ಕಳಿಸಿದ. "ಈಗಾಗಲೇ ಪೂರ್ಣವಾಗಿ ಉತ್ತರಿಸಲಾಗಿದೆ" ಎಂಬ ಒಂದು ಸಾಲಿನೊಂದಿಗೆ ಅದು ವಾಪಸು ಬಂತು.

ಆ ಮಳೆಗಾಲದಲ್ಲಿ ಇನ್ನೂ ಮೂವರಿಗೆ ಹಾವು ಕಚ್ಚಿತು. ಅವರ ಮನೆಯವರು ಕೇಂದ್ರದ ದಾರಿ ಹಿಡಿಯಲಿಲ್ಲ. ಮಂತ್ರ ಹಾಕುವವನ ಮನೆ ಹತ್ತಿರವಿತ್ತು, ಅವನ ಬಾಗಿಲಿಗೆ ಬೀಗ ಇರುತ್ತಿರಲಿಲ್ಲ. ಮೂವರಲ್ಲಿ ಒಬ್ಬಳು ಬದುಕಿದಳು. ಆ ಕೇಂದ್ರಕ್ಕೆ ಆ ವರ್ಷ ಹಾವು ಕಚ್ಚಿದವರು ಯಾರೂ ಬರಲಿಲ್ಲ, ಅಲ್ಲಿ ಯಾರೂ ಸಾಯಲೂ ಇಲ್ಲ. ಇಲಾಖೆಯ ವರದಿಯಲ್ಲಿ ಅದನ್ನು ಸುಧಾರಣೆ ಎಂದು ಬರೆದರು.

ಮಾಸ್ತರ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಒಂದು ದಿನ ಹೊನ್ನವ್ವನ ಮನೆಯ ಮುಂದೆ ಹಾದು ಹೋಗುವಾಗ ನಿಂತ. ಅವಳು ಚಾಪೆ ಹಾಸಿ, ನೀರು ಕೊಟ್ಟು, ಮಕ್ಕಳು ಮರಿ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಿದಳು. ಬೇರೆ ಏನನ್ನೂ ಕೇಳಲಿಲ್ಲ. ಅವಳು ಕೇಳಲಿ ಎಂದು ಅವನು ಬಹಳ ಹೊತ್ತು ಕೂತಿದ್ದ. ಕೊನೆಗೆ ಎದ್ದು ಹೋದ.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗ ಕೇಳಿದ.

"ಒಂದು ಅರ್ಥವಾಗಲಿಲ್ಲ ಗುರುಗಳೇ. ಎರಡು ಸಲ ಅಷ್ಟು ಜಾಣತನದಿಂದ ತಪ್ಪಿಸಿಕೊಂಡವರು ಮೂರನೆಯ ಸಲ ಎಲ್ಲವನ್ನೂ ಹೆಸರು ಸಮೇತ ಬರೆದು ಕೊಟ್ಟರಲ್ಲ. ಅವರಿಗೆ ಹೆದರಿಕೆಯಾಗಲಿಲ್ಲವೇ?"

"ನಿಜ ಹೇಳಿದರೂ ಏನೂ ಆಗುವುದಿಲ್ಲ ಎಂಬುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು" ಎಂದರು ಗುರುಗಳು.