ತಪ್ಪಲೆಯ ನೆವಗಳು

ಕಲಾಯಿಯವನ ಬೆಂಕಿ ಊದುವ ತಿದಿಗೆ ತನ್ನ ಮಾತಿನ ಮೇಲೆ ಬಲು ಹೆಮ್ಮೆ. ಬೀದಿಯಲ್ಲಿ ಕುಲುಮೆ ಹೂಡಿದಾಗಲೆಲ್ಲ ಅದು ಎದುರುಮನೆಯ ಹಿತ್ತಾಳೆ ತಪ್ಪಲೆಯನ್ನು ಕರೆಯುತ್ತಿತ್ತು.

“ಅಕ್ಕಾ, ನಿನ್ನೊಳಗಿನ ತವರದ ಕಲಾಯಿ ಸವೆದಿದೆ. ಬಾ, ಹೊಸದಾಗಿ ಹಾಕೋಣ.”

“ಪುರಸೊತ್ತಿಲ್ಲಪ್ಪ, ಅಡುಗೆಯಾಗಬೇಕು.”

“ಅಕ್ಕಿ ನೆನೆಯುವಷ್ಟರಲ್ಲಿ ಮುಗಿಯುತ್ತದೆ.”

“ಮನೆಯವರನ್ನು ಕೇಳಬೇಕು.”

“ಆರೋಗ್ಯದ ಮಾತು, ಅವರು ಬೇಡ ಎನ್ನುತ್ತಾರೆಯೇ?”

“ಮುಂದಿನ ಸಲ ನೋಡೋಣ ಬಿಡು.”

ಪ್ರತಿ ನೆವಕ್ಕೂ ತಿದಿಯ ಬಳಿ ಉತ್ತರ ಸಿದ್ಧವಿತ್ತು. ಉತ್ತರ ಕೊಟ್ಟಷ್ಟೂ ತಪ್ಪಲೆ ಗೋಡೆಗೆ ಒತ್ತಿಕೊಳ್ಳುತ್ತಿತ್ತು. ಯಾಕೆಂದು ತಿದಿ ಕೇಳಲಿಲ್ಲ.

ಒಂದು ದಿನ ಕಲಾಯಿ ಸವೆದ ತಪ್ಪಲೆಯಲ್ಲಿದ್ದ ಹುಣಸೆ ಸಾರು ಕಿಲುಬಿ ವಿಷವಾಯಿತು. ಉಂಡವರೆಲ್ಲ ವಾಂತಿ ಮಾಡಿ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮನೆಯೊಡತಿ, “ಇದು ನನ್ನ ಕಣ್ಣಿಗೇ ಬೀಳಬಾರದು” ಎಂದು ತಪ್ಪಲೆಯನ್ನು ಕಲಾಯಿಯವನಿಗೆ ಕೊಟ್ಟುಬಿಟ್ಟಳು. ಅವನು ಅದನ್ನು ಕರಗಿಸಲೆಂದು ಕೆಂಡದ ಮೇಲಿಟ್ಟ.

“ಒಲೆಯ ಮೇಲಾದರೆ ನನ್ನೊಳಗೆ ನೀರಾದರೂ ಇರುತ್ತಿತ್ತು,” ಎಂದಿತು ತಪ್ಪಲೆ. “ಬರಿಹೊಟ್ಟೆಯಲ್ಲಿ ನಿನ್ನ ಕೆಂಡದ ಮೇಲೆ ಕೂರಲು ಹೆದರಿದ್ದೆ.”

“ಅಷ್ಟೇನಾ ಅಕ್ಕಾ? ಹೇಳಿದ್ದರೆ ಮೆಲ್ಲಗೆ ಊದುತ್ತಿದ್ದೆನಲ್ಲ!”

“ಕೇಳಿದ್ದರೆ ಹೇಳುತ್ತಿದ್ದೆ.”

ಅಷ್ಟರಲ್ಲಿ ಕಲಾಯಿಯವನು ತಿದಿಯನ್ನು ಬಲವಾಗಿ ಒತ್ತಿದ. ತಿದಿ ಊದಲೇಬೇಕಾಯಿತು.