ಪಂಕ್ತಿಯ ಮೊದಲ ಎಲೆ

ಹೊಳೆ ದಂಡೆಯ ಆಶ್ರಮದಲ್ಲಿ ಅಡುಗೆ ಎಂದರೆ ಮರಿದೇವಯ್ಯನವರದೇ. ಪಾಪ, ವಯಸ್ಸಾಯಿತು, ಕೈ ನಡುಗತೊಡಗಿತು. ಒಂದು ದಿನ ಕುದಿಯುವ ಸಾರಿನ ಕೊಳಗ ಜಾರಿಯೇ ಬಿಟ್ಟಿತು. ಪಕ್ಕದಲ್ಲಿದ್ದವರು ಸ್ವಲ್ಪದರಲ್ಲಿ ಬಚಾವಾದರು.

"ಇನ್ನು ಅವರನ್ನು ಒಲೆ ಹತ್ತಿರ ಬಿಡಬಾರದು. ನೀನೇ ಹೋಗಿ ಹೇಳು," ಎಂದು ಗುರುಗಳು ಶಿಷ್ಯ ಗುರುಸಿದ್ಧನನ್ನು ಕಳಿಸಿದರು.

ಅವರ ಕೈಯಡುಗೆ ಉಂಡೇ ಬೆಳೆದವನು ಗುರುಸಿದ್ಧ. ಹಾಗೆ ಹೇಳಲು ಬಾಯಿ ಬರಲಿಲ್ಲ. "ಅಯ್ಯನವರೇ, ಸ್ವಲ್ಪ ಸುಧಾರಿಸಿಕೊಳ್ಳಿ," ಎಂದಷ್ಟೇ ಹೇಳಿ ಬಂದ.

ಬೆಳಿಗ್ಗೆ ನೋಡಿದರೆ ಮರಿದೇವಯ್ಯ ಒಲೆ ಮುಂದೆಯೇ ಇದ್ದಾರೆ.

"ರಾತ್ರಿ ಚೆನ್ನಾಗಿ ಸುಧಾರಿಸಿಕೊಂಡೆ ಕಣಪ್ಪ," ಎಂದರು.

ಗುರುಸಿದ್ಧ ಮನಸ್ಸು ಗಟ್ಟಿ ಮಾಡಿಕೊಂಡ. "ನಿಮ್ಮನ್ನ ಕೆಲಸದಿಂದ ತೆಗೆದುಹಾಕಿದೆ," ಎಂದುಬಿಟ್ಟ.

ಮುದುಕರು ಸೌಟು ತೊಳೆದಿಟ್ಟು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತರು. ಆವತ್ತಿನ ಅಡುಗೆ ಗುರುಸಿದ್ಧನ ತಲೆಗೇ ಬಿತ್ತು. ಊಟಕ್ಕೆ ಕರೆದರೆ ಅವರು ಏಳಲಿಲ್ಲ. ಅವನಿಗೆ ಅಳುವೇ ಬಂತು. ಗುರುಗಳ ಬಳಿ ಓಡಿದ.

"ಏನಂತ ಹೇಳಿದೆ?"

"ತೆಗೆದುಹಾಕಿದೆ ಅಂತ."

"ಅಲ್ಲಯ್ಯಾ, ಕದ್ದವನನ್ನ ತೆಗೆದುಹಾಕ್ತಾರೆ. ಅವರೇನು ಕದ್ದರು?"

"ಕೆಲಸ ಇಲ್ಲ ಅನ್ನಬೇಕಿತ್ತೇ?"

"ಒಲೆ ಆರಿದ ಮನೆಯವರು ಹಾಗನ್ನಬೇಕು. ನಮ್ಮದು ಉರೀತಿದೆಯಲ್ಲ."

"ಬಿಡುವು ಕೊಟ್ಟಿದ್ದೀವಿ ಅಂದಿದ್ದರೆ?"

"ಬಿಡುವು ಕೊಟ್ಟವರು ಮತ್ತೆ ಕರೀಬೇಕು. ಕರೀತೀಯಾ?"

"ಮತ್ತೆ ಏನಂತ ಹೇಳಲಿ ಗುರುಗಳೇ?"

ಗುರುಗಳು ಎದ್ದು ಹೊಳೆಯತ್ತ ಇಳಿದರು. ಮರಿದೇವಯ್ಯನವರ ಪಕ್ಕ ಮೆಟ್ಟಿಲ ಮೇಲೆ ಕೂತರು.

"ಮರಿದೇವಯ್ಯ, ನಿಮ್ಮ ಕೈ ನಡುಗುತ್ತೆ. ಯಾರಿಗಾದರೂ ಸುಟ್ಟೀತು. ಇನ್ನು ಅಡುಗೆ ಬೇಡ."

"ಗೊತ್ತು ಬುದ್ಧಿ. ನನಗೂ ಭಯವೇ ಆಗಿತ್ತು. ಆದರೆ ಕೆಲಸ ಇಲ್ಲದವನಿಗೆ ಇಲ್ಲಿ ಎಲೆ ಹಾಕೋರು ಯಾರು?"

ಆ ಆಶ್ರಮದಲ್ಲಿ ಅಡುಗೆಯವರು ಉಣ್ಣುವುದು ಎಲ್ಲರ ಊಟ ಮುಗಿದ ಮೇಲೆ, ಒಲೆಯ ಪಕ್ಕದಲ್ಲಿ. ಮರಿದೇವಯ್ಯ ಇಷ್ಟು ವರ್ಷ ಪಂಕ್ತಿಯಲ್ಲಿ ಕೂತವರೇ ಅಲ್ಲ.

ಗುರುಗಳು ಅವರ ಕೈ ಹಿಡಿದು ಕರೆತಂದು ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು. ತಾವೇ ಸೌಟು ಹಿಡಿದು ಬಡಿಸಿದರು.

ಮರಿದೇವಯ್ಯ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. "ಸಾರಿಗೆ ಹುಳಿ ಜಾಸ್ತಿಯಾಯ್ತಲ್ಲೋ ಗುರುಸಿದ್ಧ. ನಾಳೆಯಿಂದ ಇಲ್ಲೇ ಕೂತು ಹೇಳ್ತೀನಿ, ಸರಿಮಾಡ್ಕೊ."

ಪಂಕ್ತಿಯೆಲ್ಲ ನಕ್ಕಿತು. ಗುರುಸಿದ್ಧನಿಗೆ ಹೋದ ಜೀವ ಬಂದ ಹಾಗಾಯಿತು.

ಎಲೆ ಎತ್ತುವಾಗ ಕೇಳಿದ, "ಗುರುಗಳೇ, ನಾನು ಹೇಳಿದ್ದೂ ಕೆಲಸ ಬೇಡ ಅಂತಲೇ, ನೀವು ಹೇಳಿದ್ದೂ ಅದನ್ನೇ ಅಲ್ಲವೇ?"

"ಹೌದಪ್ಪ. ನೀನು ಹೇಳಿ ಬಂದೆ. ನಾನು ಹೇಳಿ ಕರಕೊಂಡು ಬಂದೆ."