ಕಹಿ ಸೌತೆಯ ಒಂಟಿ ಬಳ್ಳಿ

ಮಕ್ಕಳೇ, ಕಲ್ಲುಗುಡ್ಡದ ಕಾಡಿನಲ್ಲಿ ಸಂಚಿ ಎಂಬ ಇಲಿ ಇದ್ದಳು. ದೇಶ ಸುತ್ತುವ ಹಕ್ಕಿಗಳು ತಂದುಕೊಟ್ಟ ಬಗೆಬಗೆಯ ಸೌತೆ ಬೀಜಗಳನ್ನು ಅವಳು ಒಣಗಿಸಿ, ಸೋರೆಬುರುಡೆಗಳಲ್ಲಿ ತುಂಬಿ, ತಂಪಾದ ಗವಿಯಲ್ಲಿ ಇಟ್ಟಿದ್ದಳು. ಯಾರು ಕೇಳಿದರೂ ಒಂದು ಬೀಜವನ್ನೂ ಕೊಟ್ಟವಳಲ್ಲ!

ಒಂದು ವರ್ಷ ಕಾಡಿನ ಸೌತೆ ತೋಟಕ್ಕೆ ಬೂದಿರೋಗ ಬಡಿಯಿತು. ಎಲೆಗಳೆಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗಿ ಒಣಗಿದವು. ಬೇಸಿಗೆಯಲ್ಲಿ ಮರಿಗಳ ಬಾಯಾರಿಕೆ ತಣಿಸುತ್ತಿದ್ದುದೇ ಆ ಸೌತೆ. ತೋಟ ನೋಡಿಕೊಳ್ಳುತ್ತಿದ್ದ ಮೊಲ ಚಂಗಣ್ಣ ಗವಿಗೆ ಓಡಿಬಂದ.

"ಸಂಚಿಯಕ್ಕಾ, ಎಲ್ಲ ಬಗೆಯ ಬೀಜವೂ ಒಂದಿಷ್ಟು ಕೊಡು. ರೋಗ ಬಿದ್ದ ತೋಟದಲ್ಲೇ ಬಿತ್ತೋಣ. ಯಾವುದಾದರೂ ತಡೆದುಕೊಂಡೀತು!"

"ಮಣ್ಣಿಗೆ ಚೆಲ್ಲಿ ಹಾಳುಮಾಡೋದಕ್ಕಾ? ಕೊಡಲ್ಲ!" ಎಂದು ಸಂಚಿ ಬಾಗಿಲಿಗೆ ಅಡ್ಡ ಕೂತಳು.

ಮರುವರ್ಷ ರೋಗ ಇನ್ನೂ ಹೆಚ್ಚಿತು. ತನ್ನ ಮರಿಗಳೇ ಬಾಯಾರಿ ಅತ್ತಾಗ ಅವಳ ಮನಸ್ಸು ಕರಗಿತು. ಬುರುಡೆಗಳನ್ನು ತಾನೇ ಉರುಳಿಸಿಕೊಂಡು ತೋಟಕ್ಕೆ ತಂದಳು.

ಬಿತ್ತಿದರು, ಕಾದರು. ಮೊಳೆತದ್ದು ಅಲ್ಲೊಂದು ಇಲ್ಲೊಂದು!

"ಅಯ್ಯೋ, ನನ್ನ ಬೀಜಗಳಿಗೆ ಏನಾಯಿತು?"

"ಬೀಜಕ್ಕೂ ವಯಸ್ಸಾಗುತ್ತೆ ಅಕ್ಕ. ಆಗಾಗ ಬಿತ್ತಿ ಹೊಸ ಬೀಜ ತೆಗೆಯಬೇಕಿತ್ತು," ಎಂದ ಚಂಗಣ್ಣ.

ಸಂಚಿಗೆ ಕಣ್ಣು ತುಂಬಿ ಬಂತು. ಮೊಳೆತ ಬಳ್ಳಿಗಳೂ ಒಂದೊಂದಾಗಿ ಬೆಳ್ಳಗಾದವು. ಆದರೆ ಸಂಚಿಯ ಬೀಜದಿಂದಲೇ ಬೇಲಿಯಂಚಿನಲ್ಲಿ ಮೊಳೆತ ಒಂದು ಕಾಡುಸೌತೆ ಮಾತ್ರ ಹಚ್ಚಹಸಿರಾಗಿ ನಿಂತಿತ್ತು!

"ಚಂಗಣ್ಣಾ, ಓಡಿ ಬಾ! ಇದಕ್ಕೆ ರೋಗವೇ ತಾಗಿಲ್ಲ!" ಸಂಚಿ ಕುಣಿದಾಡಿದಳು.

ಅದರ ಹೂವಿನ ಮೇಲೆ ಜೇನುನೊಣವೊಂದು ಕೂತಿತ್ತು. ಚಂಗಣ್ಣ ಕಾಯಿ ಕಚ್ಚಿದ. "ಥೂ! ಬೇವಿಗಿಂತ ಕಹಿ! ಆದರೂ ಚಿಂತೆಯಿಲ್ಲ. ಜೇನಕ್ಕಾ, ಇದರ ಹೂವಿನ ಪರಾಗವನ್ನು ಅಳಿದುಳಿದ ಸಿಹಿ ಬಳ್ಳಿಯ ಹೂವಿಗೆ ಮುಟ್ಟಿಸ್ತೀಯಾ? ಇದರ ರೋಗ ತಡೆಯುವ ಗುಣ, ಅದರ ಸಿಹಿ ಎರಡೂ ಒಂದೇ ಬಳ್ಳಿಗೆ ಬಂದೀತು!"

ಜೇನುನೊಣ ಹಾಗೇ ಮಾಡಿತು. ಆ ಹೂವು ಕಾಯಾಗಿ, ಅದರ ಬೀಜದಿಂದ ಬಂದ ಬಳ್ಳಿಗಳ ಕಾಯಿ ಇನ್ನೂ ಕಹಿಯೇ. ಚಂಗಣ್ಣ ಬಿಡಲಿಲ್ಲ. ರೋಗ ತಾಗದ ಬಳ್ಳಿಗಳನ್ನೇ ಆರಿಸಿ, ಮತ್ತೆ ಸಿಹಿ ಸೌತೆಯೊಂದಿಗೆ ಕೂಡಿಸಿದ. ಮರುವರ್ಷ ಮತ್ತೆ ಬಿತ್ತಿದ, ಮತ್ತೆ ಆರಿಸಿದ. ಒಂದೊಂದು ಬಳ್ಳಿಯ ಕಾಯನ್ನೂ ಸಂಚಿಯೇ ಮುಖ ಹಿಂಡಿಕೊಂಡು ರುಚಿ ನೋಡಿದಳು.

ಒಂದು ಬೆಳಿಗ್ಗೆ ಅವಳು ಕಚ್ಚಿದ ಕಾಯಿ ಕರಕರ ಎಂದಿತು. ಬಾಯಿ ತುಂಬ ತಂಪು ನೀರು!

"ಸಿಹಿ! ಎಲೆಯೂ ಹಸಿರು, ಕಾಯೂ ಸಿಹಿ!"

ಇಡೀ ಕಾಡೇ ತೋಟಕ್ಕೆ ನುಗ್ಗಿತು. ಮರಿಗಳು ಸೌತೆ ಕಡಿಯುತ್ತ ಕೇಕೆ ಹಾಕಿದವು. ಸಂಚಿ ಈ ಸಿಹಿ ಸೌತೆಯ ಬೀಜವನ್ನು ಬುರುಡೆಗಳಲ್ಲಿ ತುಂಬಿಟ್ಟು, ಗವಿಯ ಬಾಗಿಲನ್ನು ಅಗಲವಾಗಿ ತೆರೆದಳು.

"ಬನ್ನಿ, ಬೇಕಾದ ಬೀಜ ಒಯ್ದು ಬೆಳೆಯಿರಿ. ಹೊಸ ಬೀಜದಲ್ಲಿ ಒಂದು ಹಿಡಿ ನನಗೂ ತಂದುಕೊಡಿ!"

ನೀತಿ: ಕಾಪಾಡಿ ಇಟ್ಟದ್ದನ್ನು ಬಳಸಬಲ್ಲವರ ಕೈಗೆ ಕೊಟ್ಟಾಗಲೇ ಅದು ಉಳಿಯುತ್ತದೆ, ಬೆಳೆಯುತ್ತದೆ.